ಲಿಂಕ್ ಇದೆ, ಪ್ಯಾಕೆಟ್ ಇಲ್ಲ: ಬಫರ್ ಬರಿದಾಗಿ ಕೂತ ಒಂದು ನೆಟ್‌ವರ್ಕ್ ಡ್ರೈವರ್‌ನ ಪ್ರಕರಣ

ಸಂಸ್ಥೆ ಯಾವುದು, ಚಿಪ್ ಯಾರದ್ದು, ಸಾಧನವನ್ನು ಎಲ್ಲಿ ಕೂರಿಸಿದ್ದರು ಎಂಬ ಗುರುತುಗಳನ್ನೆಲ್ಲ ಇಲ್ಲಿಂದ ತೆಗೆದಿದ್ದೇವೆ. ಬಫರ್‌ಗಳ ಅಳತೆ, ಕೋಡ್‌ನ ನಡೆ, ತೀರ್ಮಾನಗಳ ಕ್ರಮ ಮಾತ್ರ ಉಳಿದಿವೆ. ಡ್ರೈವರ್ ಬರೆಯುವವರಿಗೂ ಬೇರೆಯವರು ಬರೆದ ಡ್ರೈವರ್ ಇಟ್ಟುಕೊಂಡು ಹೆಣಗುವವರಿಗೂ ಬೇಕಾದದ್ದು ಅಷ್ಟೇ.

ಹಿನ್ನೆಲೆ

ಅದೊಂದು ಗೇಟ್‌ವೇ ಪೆಟ್ಟಿಗೆ. ಒಳಗೆ ನಾಲ್ಕು ಕೋರ್‌ಗಳ 64 ಬಿಟ್ ಆರ್ಮ್ ಪ್ರೊಸೆಸರ್, 256 ಮೆಗಾಬೈಟ್ ಮೆಮೊರಿ, ಒಂದು ಗಿಗಾಬಿಟ್ ಈಥರ್ನೆಟ್ ಪೋರ್ಟ್, ಲಿನಕ್ಸ್ 5.15 ಕರ್ನಲ್. ಒಳಗೆ ಬರುವ ಟ್ರಾಫಿಕ್ ಎರಡು ಬಗೆಯದು. ಕ್ಯಾಮೆರಾಗಳು ದೊಡ್ಡ ದೊಡ್ಡ ಜಂಬೊ ಫ್ರೇಮ್‌ಗಳಲ್ಲಿ ಚಿತ್ರ ಕಳಿಸುತ್ತವೆ. ಮೀಟರ್‌ಗಳು ಯುಡಿಪಿಯಲ್ಲಿ (ಕಳೆದುಹೋದದ್ದನ್ನು ಮತ್ತೆ ಕಳಿಸದ ಪದ್ಧತಿ) ಚಿಕ್ಕ ಚಿಕ್ಕ ರೀಡಿಂಗ್ ಕಳಿಸುತ್ತವೆ, ಫ್ರೇಮ್ ಒಂದಕ್ಕೆ 120 ಬೈಟ್. ಮೀಟರ್ ರೀಡಿಂಗ್ ಓದುವ ಪ್ರೋಗ್ರಾಂ ಎಂಟು ಸಾಕೆಟ್ (ಬಂದ ಪ್ಯಾಕೆಟ್‌ಗಳು ಓದುವ ತನಕ ಕಾಯುವ ಸರತಿ) ತೆರೆದಿಟ್ಟುಕೊಂಡಿತ್ತು.

ಈಥರ್ನೆಟ್ ಡ್ರೈವರ್ (ನೆಟ್‌ವರ್ಕ್ ಕಾರ್ಡ್ ನಡೆಸುವ ಕೋಡ್) ಚಿಪ್‌ನ ಜೊತೆ ಬಂದದ್ದು, ಮುಖ್ಯ ಕರ್ನಲ್‌ನಲ್ಲಿ ಇಲ್ಲದ್ದು. 1500 ಬೈಟ್‌ನ ಎಂಟಿಯುಗೆ (ಒಂದು ಫ್ರೇಮ್ ಹೊರಬಹುದಾದ ಗರಿಷ್ಠ ಡೇಟಾ) ಬರೆದಿದ್ದನ್ನು ಕ್ಯಾಮೆರಾಗಳಿಗಾಗಿ 9000ಕ್ಕೆ ಏರಿಸಿದ್ದರು. ಏರಿಸುವಾಗ ಬದಲಾದದ್ದು ಬಫರ್ ಅಳತೆಯ ಒಂದು ಸಂಖ್ಯೆ. ಆ ಸಂಖ್ಯೆಯ ಲೆಕ್ಕವನ್ನು ಮೊದಲೇ ನೋಡಿಬಿಡೋಣ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ.

9000 ಬೈಟ್‌ನ ಹೊರೆಗೆ ಈಥರ್ನೆಟ್ ಹೆಡರ್ 14, ವಿಲ್ಯಾನ್ ಟ್ಯಾಗ್ (ಯಾವ ವರ್ಚುವಲ್ ಜಾಲದ ಫ್ರೇಮ್ ಎಂಬ ಗುರುತು) 4, ಕೊನೆಯ ಚೆಕ್‌ಸಮ್ 4 ಸೇರಿ 9022. ಈ ಕಾರ್ಡ್ ಬಫರ್ ಉದ್ದವನ್ನು 64ರ ಗುಣಕದಲ್ಲಿ ಕೇಳುತ್ತದೆ, ಆದ್ದರಿಂದ 9024. ಮುಂದುಗಡೆ ಕರ್ನಲ್ ಬಿಡುವ ಜಾಗ 64. ಹಿಂದುಗಡೆ ಪ್ರತಿ ಎಸ್‌ಕೆಬಿಯ (ಕರ್ನಲ್ ಒಂದೊಂದು ಪ್ಯಾಕೆಟ್‌ಗೆ ಇಡುವ ರಚನೆ) ಡೇಟಾ ತುದಿಯಲ್ಲಿ ಕೂರುವ ಹಂಚಿಕೆ ಮಾಹಿತಿಯ ರಚನೆ 320. ಒಟ್ಟು 9408. ಲಿನಕ್ಸ್‌ನ ಸ್ಲ್ಯಾಬ್ (ಚಿಕ್ಕ ಮೆಮೊರಿ ತುಂಡು ಹಂಚುವ ಕೋಡ್) 8192 ಬೈಟ್ ದಾಟಿದ್ದನ್ನು ನೇರವಾಗಿ ಪೇಜ್ ಹಂಚುವ ಕೋಡ್‌ಗೆ ಕಳಿಸುತ್ತದೆ. ಅದು ಕೊಡುವುದು ಎರಡರ ಘಾತದಲ್ಲಿ, ಹಾಗಾಗಿ ಸಿಗುವುದು 16384. ಅಂದರೆ ಒಂದರ ಪಕ್ಕ ಒಂದು ಅಂಟಿಕೊಂಡ, 4096 ಬೈಟ್‌ನ ನಾಲ್ಕು ಪೇಜ್‌ಗಳು, ಕರ್ನಲ್‌ನ ಮಾತಿನಲ್ಲಿ ಆರ್ಡರ್ 2. ಹೆಚ್ಚುಕಮ್ಮಿ 7 ಕಿಲೋಬೈಟ್ ಯಾರಿಗೂ ದಕ್ಕದೆ ಹೋಯಿತು. ಅದಾದರೂ ಸಹಿಸಬಹುದು. ಅಂಟಿಕೊಂಡ ನಾಲ್ಕು ಪೇಜ್ ಪ್ರತಿ ಸಲ ಬೇಕೇಬೇಕು ಎನ್ನುವುದು ಅಷ್ಟು ಹಗುರವಾದ ಷರತ್ತಲ್ಲ. ಕಾರ್ಡ್ ಯಾವ ಬಫರ್‌ಗೆ ಬರೆಯಬೇಕೆಂದು ಹೇಳುವ ನಮೂದು ಡಿಸ್ಕ್ರಿಪ್ಟರ್, ಅವುಗಳ ಸುತ್ತುವ ಪಟ್ಟಿ ರಿಂಗ್. ರಿಂಗ್‌ನಲ್ಲಿ 256 ಡಿಸ್ಕ್ರಿಪ್ಟರ್, ತಲಾ 16 ಕಿಲೋಬೈಟ್, ಒಟ್ಟು 4 ಮೆಗಾಬೈಟ್.

ಕಾಣಿಸಿದ ತೊಂದರೆ

ಕೆಲವು ದಿನ ಚೆನ್ನಾಗಿ ಓಡಿದ ಪೆಟ್ಟಿಗೆ ಒಂದು ರಾತ್ರಿ ಕಿವುಡಾಗುತ್ತಿತ್ತು. ಲಿಂಕ್ ದೀಪ ಉರಿಯುತ್ತದೆ, ಇಂಟರ್ಫೇಸ್ ಎದ್ದಿದೆ ಎಂದೇ ತೋರಿಸುತ್ತದೆ. ಸ್ವಿಚ್‌ನಲ್ಲಿ ಪೋರ್ಟ್ ಮಿರರ್ ಮಾಡಿ (ಟ್ರಾಫಿಕ್‌ನ ನಕಲು ತೆಗೆದು) ನೋಡಿದರೆ ಪೆಟ್ಟಿಗೆಯಿಂದ ಎಆರ್‌ಪಿ ಪ್ರಶ್ನೆಗಳು (ಈ ಐಪಿ ವಿಳಾಸ ಯಾರದ್ದು ಎಂಬ ಕೇಳಿಕೆ) ಹೊರಡುತ್ತಿವೆ, ಉತ್ತರಗಳು ಅದರ ಕಡೆಗೆ ಹೋಗುತ್ತಲೂ ಇವೆ. ಒಳಗೆ ಮಾತ್ರ ಒಂದೂ ಕಾಣುವುದಿಲ್ಲ. ಇಂಟರ್ಫೇಸ್ ಇಳಿಸಿ ಏರಿಸಿದರೆ ಮತ್ತೆ ಸರಿ.

ಲಾಗ್‌ನಲ್ಲಿ ಒಂದು ಸಾಲೂ ಇರಲಿಲ್ಲ. ಇದು ಎಲ್ಲರನ್ನೂ ದಾರಿ ತಪ್ಪಿಸಿತು. ಮೆಮೊರಿ ಸಿಗದಿದ್ದರೆ ಕರ್ನಲ್ ಉದ್ದನೆಯ ಎಚ್ಚರಿಕೆ ಮುದ್ರಿಸುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಹಳ ಜನಕ್ಕಿದೆ. ಆದರೆ ಎಸ್‌ಕೆಬಿಯ ಡೇಟಾ ಜಾಗವನ್ನು ಕೇಳುವ ಕರ್ನಲ್ ಕೋಡ್ ಎಚ್ಚರಿಕೆ ಬೇಡ ಎಂಬ ಗುರುತು ಹಚ್ಚಿಯೇ ಕೇಳುತ್ತದೆ, ಏಕೆಂದರೆ ನೆಟ್‌ವರ್ಕ್‌ನಲ್ಲಿ ಇಂಥ ಸೋಲು ಸಹಜ, ಡ್ರೈವರ್ ಅದನ್ನು ನೋಡಿಕೊಳ್ಳುತ್ತದೆ ಎಂಬ ಲೆಕ್ಕ. ಈ ಡ್ರೈವರ್ ನೋಡಿಕೊಳ್ಳುತ್ತಿರಲಿಲ್ಲ. ಎಷ್ಟು ಸಲ ಸೋತೆ ಎಂದು ಎಣಿಸುತ್ತಲೂ ಇರಲಿಲ್ಲ.

ಸಿಕ್ಕ ಸುಳಿವು ಎರಡೇ. ಇಂಟರಪ್ಟ್ (ಕಾರ್ಡ್ ಸಿಪಿಯುಗೆ ಕೊಡುವ ಕರೆ) ಎಣಿಕೆಯ ಪಟ್ಟಿಯಲ್ಲಿ ರಿಸೀವ್ ಸಾಲಿನ ಸಂಖ್ಯೆ ನಿಂತಲ್ಲೇ ನಿಂತಿತ್ತು. ಈಥ್‌ಟೂಲ್ ಆಜ್ಞೆ ತೋರಿಸುವ ಕಾರ್ಡ್‌ನ ಸ್ವಂತ ಎಣಿಕೆಗಳಲ್ಲಿ, ಬಫರ್ ಇಲ್ಲದ್ದರಿಂದ ಬಿಟ್ಟ ಫ್ರೇಮ್‌ಗಳ ಸಂಖ್ಯೆ ಮಾತ್ರ ಏರುತ್ತಲೇ ಇತ್ತು. ಎರಡನೆಯದು ನೇರವಾಗಿ ಉತ್ತರವನ್ನೇ ಹೇಳುತ್ತಿತ್ತು. ತಂಡ ಅದನ್ನು ಕಾರ್ಡ್‌ನ ಡಿಎಂಎ ಎಂಜಿನ್ (ಸಿಪಿಯುವಿನ ನೆರವಿಲ್ಲದೆ ಮೆಮೊರಿಗೆ ಬರೆಯುವ ಭಾಗ) ಕೆಟ್ಟು ನಿಂತ ಲಕ್ಷಣ ಎಂದು ಓದಿತು. ಹಾರ್ಡ್‌ವೇರ್ ಹೊಸದು, ಸಂಶಯ ಮೊದಲು ಅದರ ಮೇಲೇ ಹೋಯಿತು.

ಮೊದಲ ಮೂರು ಪ್ರಯತ್ನ

ಮೊದಲನೆಯದು ಕಾವಲು ಸ್ಕ್ರಿಪ್ಟ್. ಅರ್ಧ ನಿಮಿಷ ಒಂದೂ ಪ್ಯಾಕೆಟ್ ಬರದಿದ್ದರೆ ಇಂಟರ್ಫೇಸ್ ಇಳಿಸಿ ಏರಿಸುವುದು. ಸೈಟ್‌ನಿಂದ ದೂರು ಬರುವುದು ನಿಂತಿತು, ಕಾರಣ ಹುಡುಕುವ ಒತ್ತಡವೂ ಅಷ್ಟೇ ಸಡಿಲವಾಯಿತು.

ಒಂದು ರಾತ್ರಿ ಸ್ಕ್ರಿಪ್ಟ್ ಇಳಿಸಿದ ಇಂಟರ್ಫೇಸ್ ಮತ್ತೆ ಏಳಲಿಲ್ಲ. ಏರಿಸುವ ಆಜ್ಞೆ ಮೆಮೊರಿ ಇಲ್ಲ ಎಂಬ ದೋಷ ಹೇಳಿ ವಾಪಸಾಗಿತ್ತು. ಪ್ರಕರಣದ ಮೊದಲ ತಿರುವು ಇದೇ. ಡಿಎಂಎ ಎಂಜಿನ್ ಕೆಟ್ಟಿದ್ದರೆ ಈ ದೋಷ ಬರುವುದಿಲ್ಲ. ಆಗ ಒಬ್ಬರು ಖಾಲಿ ಮೆಮೊರಿ ನೋಡಿದರೆ ಹತ್ತಾರು ಮೆಗಾಬೈಟ್ ಇದೆ. ಇನ್ನೊಬ್ಬರು ಪ್ರಾಕ್ ಕಡತವ್ಯವಸ್ಥೆಯ ಬಡ್ಡಿಇನ್ಫೊ ತೆರೆದರು. ಅದರಲ್ಲಿ ಪ್ರತಿ ಕಾಲಂ ಒಂದೊಂದು ಆರ್ಡರ್‌ನ ಖಾಲಿ ತುಂಡುಗಳ ಲೆಕ್ಕ: ಮೊದಲನೆಯದು ಬಿಡಿ ಪೇಜ್, ಎರಡನೆಯದು ಜೋಡಿ, ಮೂರನೆಯದು ನಾಲ್ಕು ಪೇಜ್‌ನ ತುಂಡು. ಮೊದಲ ಎರಡರಲ್ಲಿ ಸಾವಿರಗಟ್ಟಲೆ, ಮೂರನೆಯದರಿಂದ ಮುಂದೆ ಸಾಲಾಗಿ ಸೊನ್ನೆ. ಚಿಲ್ಲರೆ ಬೇಕಾದಷ್ಟಿದೆ, ನೋಟು ಒಂದೂ ಇಲ್ಲ.

ಎರಡನೆಯ ಪ್ರಯತ್ನ, ಕರ್ನಲ್ ಕಾದಿರಿಸುವ ಕನಿಷ್ಠ ಖಾಲಿ ಮೆಮೊರಿಯನ್ನು ಏರಿಸುವುದು. ಕರ್ನಲ್ ಇದನ್ನು ಮೆಮೊರಿಯ ಕಿಲೋಬೈಟ್‌ಗಳನ್ನು 16ರಿಂದ ಗುಣಿಸಿ ವರ್ಗಮೂಲ ತೆಗೆದು ಇಡುತ್ತದೆ. 256 ಮೆಗಾಬೈಟ್‌ಗೆ ಅದು ಸರಿಸುಮಾರು 2 ಮೆಗಾಬೈಟ್. ತಂಡ 16ಕ್ಕೆ ಏರಿಸಿತು. ಕಿವುಡಾಗುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಕಾದಿರಿಸಿದ್ದು ಮೊತ್ತವನ್ನು, ಸಿಗದಿದ್ದದ್ದು ಅಂಟಿಕೊಂಡ ತುಂಡು. ಖಾಲಿ ಹೆಚ್ಚಿದ್ದಷ್ಟೂ ದೊಡ್ಡ ತುಂಡು ಉಳಿಯುವ ಸಂಭವ ಹೆಚ್ಚು ಎನ್ನುವುದು ನಿಜ, ಖಾತರಿ ಮಾತ್ರ ಇಲ್ಲ.

ಮೂರನೆಯದು ರಿಂಗ್ ಅನ್ನು 256ರಿಂದ 1024ಕ್ಕೆ ಹಿಗ್ಗಿಸಿದ್ದು. ಬಫರ್ ಮುಗಿಯುತ್ತಿದ್ದರೆ ಹೆಚ್ಚು ಬಫರ್ ಇಡೋಣ ಎಂಬ ತರ್ಕ. ಈಗ ರಿಂಗ್ ಒಂದೇ 16 ಮೆಗಾಬೈಟ್ ನುಂಗಿತು, ಎಲ್ಲವೂ ಆರ್ಡರ್ 2. ಏರಿಸುವ ಆಜ್ಞೆ ಸೋಲುವುದು ಹೆಚ್ಚಾಯಿತು. ಎರಡೇ ದಿನಕ್ಕೆ 256ಕ್ಕೆ ವಾಪಸ್ ಬಂದರು.

ಕೋಡ್‌ನಲ್ಲಿ ಸಿಕ್ಕ ಗಂಟು

ಕೊನೆಗೆ ಡ್ರೈವರ್‌ನ ಪೋಲ್ ಫಂಕ್ಷನ್ನನ್ನು (ಬಂದ ಫ್ರೇಮ್‌ಗಳನ್ನು ರಿಂಗ್‌ನಿಂದ ಎತ್ತುವ ಕೋಡ್) ಸಾಲು ಸಾಲಾಗಿ ಓದಲು ಕೂತರು. ಅದರ ನಡೆ ಹೀಗಿತ್ತು. ಕಾರ್ಡ್ ತುಂಬಿಸಿದ ಡಿಸ್ಕ್ರಿಪ್ಟರ್ ಸಿಕ್ಕರೆ ಬಫರ್‌ನ ಡಿಎಂಎ ಮ್ಯಾಪಿಂಗ್ ಕಳಚು, ಎಸ್‌ಕೆಬಿಯನ್ನು ಮೇಲಕ್ಕೆ ಕೊಡು, ಮುಂದಿನದಕ್ಕೆ ಹೋಗು. ಎಲ್ಲ ಮುಗಿದ ಮೇಲೆ ಖಾಲಿಯಾದ ಡಿಸ್ಕ್ರಿಪ್ಟರ್‌ಗಳಿಗೆ ಹೊಸ ಬಫರ್ ಕೇಳು. ಸಿಗದಿದ್ದರೆ ಅಲ್ಲಿಗೇ ನಿಲ್ಲಿಸು. ಅಲ್ಲೊಂದು ಟಿಪ್ಪಣಿ ಇತ್ತು, ಮುಂದಿನ ಸಲ ನೋಡಿದರಾಯಿತು ಎಂಬರ್ಥದ್ದು.

ಮುಂದಿನ ಸಲ ಎಂದರೆ ಯಾವಾಗ? ಬಫರ್ ತುಂಬುವ ಕೋಡ್ ಇರುವುದು ಪೋಲ್‌ನೊಳಗೆ. ಪೋಲ್ ನಡೆಯುವುದು ರಿಸೀವ್ ಇಂಟರಪ್ಟ್ ಬಂದರೆ. ಇಂಟರಪ್ಟ್ ಬರುವುದು ಕಾರ್ಡ್ ಒಂದಾದರೂ ಬಫರ್‌ಗೆ ಫ್ರೇಮ್ ಬರೆದರೆ. ರಿಂಗ್‌ನಲ್ಲಿ ಒಂದೂ ಬಫರ್ ಇಲ್ಲದಿದ್ದರೆ ಬರೆಯುವುದೆಲ್ಲಿಗೆ? 256 ಡಿಸ್ಕ್ರಿಪ್ಟರ್‌ಗಳೂ ಒಮ್ಮೆ ಬರಿದಾದರೆ ಆ ಮುಂದಿನ ಸಲ ಬರುವುದೇ ಇಲ್ಲ. ಕಳಿಸುವ ಕಡೆಗೆ ಬೇರೆಯೇ ಇಂಟರಪ್ಟ್, ಬೇರೆಯೇ ನ್ಯಾಪಿ (ಇಂಟರಪ್ಟ್ ಬಂದ ಮೇಲೆ ಪೋಲ್ ಕರೆಯುವ ಕರ್ನಲ್ ವ್ಯವಸ್ಥೆ) ಇದ್ದದ್ದರಿಂದ ಎಆರ್‌ಪಿ ಹೊರಡುತ್ತಿತ್ತು. ಅದು ರಿಸೀವ್ ರಿಂಗ್‌ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಮೆಮೊರಿಯ ಬರ ಕೆಲವೇ ಸೆಕೆಂಡಿನದು, ರಿಂಗ್‌ನ ಸಾವು ಮಾತ್ರ ಕಾಯಂ. ಇದು ಕಂಡ ಮೇಲೆ ತಂಡದಲ್ಲಿ ಎರಡು ಅಭಿಪ್ರಾಯ ಬಂತು. ಆರ್ಡರ್ 2 ಕೇಳುವುದನ್ನೇ ಬಿಟ್ಟರೆ ಬರವೇ ಬರುವುದಿಲ್ಲ, ಅದನ್ನೇ ಮೊದಲು ಮಾಡೋಣ ಎಂದರು ಕೆಲವರು. ಬರ ಬಂದಾಗ ಬದುಕುವುದನ್ನು ಡ್ರೈವರ್ ಮೊದಲು ಕಲಿಯಲಿ ಎಂದರು ಉಳಿದವರು. ಗೆದ್ದದ್ದು ಎರಡನೆಯದು, ಗೆಲ್ಲಬೇಕಾದದ್ದೂ ಅದೇ. ಪೋಲ್ ನಡೆಯುವುದು ಸಾಫ್ಟ್ಇಂಟರಪ್ಟ್‌ನಲ್ಲಿ, ಅಲ್ಲಿ ನಿದ್ದೆ ಮಾಡುವಂತಿಲ್ಲ, ಅಂದರೆ ಕಾಯುತ್ತ ನಿಲ್ಲುವಂತಿಲ್ಲ. ಹಾಗಾಗಿ ಮೆಮೊರಿ ಕೇಳುವಾಗ ಕರ್ನಲ್ ಬೇರೆಯವರಿಂದ ಪೇಜ್ ಬಿಡಿಸಿಕೊಂಡು ಕೊಡಲಾರದು, ಚದುರಿದ್ದನ್ನು ಒಟ್ಟುಗೂಡಿಸಿಯೂ ಕೊಡಲಾರದು. ಆ ಕ್ಷಣ ಕೈಯಲ್ಲಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಆರ್ಡರ್ 0 ಕೇಳಿದರೂ ಇಲ್ಲ ಎಂಬ ಉತ್ತರ ಎಂದಾದರೊಂದು ದಿನ ಬಂದೇ ಬರುತ್ತದೆ.

ತಿದ್ದುಪಡಿ, ಅದರೊಳಗೊಂದು ತಪ್ಪು

ತಿದ್ದುಪಡಿಯ ತಿರುಳು ಕ್ರಮ ಬದಲಿಸುವುದು: ಬದಲಿ ಬಫರ್ ಕೈಗೆ ಬರುವ ಮುಂಚೆ ಇದ್ದದ್ದನ್ನು ಬಿಟ್ಟುಕೊಡುವಂತಿಲ್ಲ. ತುಂಬಿದ ಡಿಸ್ಕ್ರಿಪ್ಟರ್ ಕಂಡ ಕೂಡಲೆ ಮೊದಲು ಹೊಸ ಬಫರ್ ಕೇಳು. ಸಿಕ್ಕರೆ ಡಿಎಂಎಗೆ ಮ್ಯಾಪ್ ಮಾಡು, ಮ್ಯಾಪ್ ಆಯಿತೇ ಎಂದು ಪರೀಕ್ಷಿಸು (ಹಳೆಯ ಕೋಡ್ ಇದನ್ನು ಎಲ್ಲೂ ಪರೀಕ್ಷಿಸುತ್ತಿರಲಿಲ್ಲ). ಎರಡೂ ಗೆದ್ದ ಮೇಲೆ ಹಳೆಯದನ್ನು ಕಳಚಿ ಮೇಲಕ್ಕೆ ಕೊಟ್ಟು ಹೊಸದನ್ನು ಡಿಸ್ಕ್ರಿಪ್ಟರ್‌ಗೆ ಹಾಕು. ಒಂದು ಸೋತರೂ ಬಂದ ಫ್ರೇಮ್ ಅನ್ನು ಬಿಸಾಡು, ಬಿಸಾಡಿದ್ದನ್ನು ಎಣಿಸು, ಅದೇ ಬಫರ್ ಅನ್ನು ಕಾರ್ಡ್‌ಗೆ ಮರಳಿಸು. ಹೀಗೆ ಮಾಡಿದರೆ ರಿಂಗ್‌ನ ಬಫರ್ ಸಂಖ್ಯೆ ಯಾವತ್ತೂ ಇಳಿಯುವುದಿಲ್ಲ. ಹೋಗುವುದು ಒಂದು ಪ್ಯಾಕೆಟ್. ಪ್ಯಾಕೆಟ್ ಹೋದರೆ ಟಿಸಿಪಿ ಮತ್ತೆ ಕಳಿಸುತ್ತದೆ, ಯುಡಿಪಿಯಲ್ಲಾದರೆ ಹೋಗುವುದು ಒಂದು ರೀಡಿಂಗ್ ಅಷ್ಟೇ, ಬಫರ್ ಹೋದರೆ ಯಾರೂ ತಂದುಕೊಡುವುದಿಲ್ಲ.

ಡಿಸ್ಕ್ರಿಪ್ಟರ್ ಬರೆಯುವಾಗ ವಿಳಾಸ ಮೊದಲು, ನಡುವೆ ಡಿಎಂಎ ಬರವಣಿಗೆಯ ತಡೆ, ಆಮೇಲೆ ಒಡೆತನದ ಬಿಟ್ (ಇದು ಈಗ ಕಾರ್ಡ್‌ನದು ಎಂಬ ಗುರುತು). ಹಳೆಯ ಕೋಡ್ ಇದನ್ನು ಸರಿಯಾಗಿಯೇ ಮಾಡುತ್ತಿತ್ತು.

ಇಂಟರ್ಫೇಸ್ ಏರಿಸುವ ಹೊತ್ತಿನಲ್ಲಿ ರಿಂಗ್ ಪೂರ್ತಿ ತುಂಬದೇ ಹೋಗಬಹುದಲ್ಲ, ಅದಕ್ಕೆ ಬೇರೆ ದಾರಿ ಬೇಕಿತ್ತು. ಅಲ್ಲಿ ನಿದ್ದೆ ಮಾಡಲು ಅಡ್ಡಿಯಿಲ್ಲ, ಆದರೂ ಡ್ರೈವರ್ ಪೋಲ್‌ನಲ್ಲಿ ಕೇಳುವ ಹಾಗೆಯೇ ಆತುರದ ಮೆಮೊರಿ ಕೇಳುತ್ತಿತ್ತು. ಅದನ್ನು ಸಾಮಾನ್ಯ ಕೋರಿಕೆಗೆ ಬದಲಿಸಿದರು. ಜೊತೆಗೆ ಅರ್ಧ ಸೆಕೆಂಡ್ ಬಿಟ್ಟು ಓಡುವ ಒಂದು ಕೆಲಸವನ್ನು ಸೇರಿಸಿದರು. ರಿಂಗ್ ಅರೆಬರೆ ಇದ್ದರೆ ಅದು ನ್ಯಾಪಿಯನ್ನು ನಿಲ್ಲಿಸಿ, ನಿದ್ದೆ ಮಾಡಬಲ್ಲ ಕೋರಿಕೆಯಿಂದ ತುಂಬಿಸಿ, ನ್ಯಾಪಿಯನ್ನು ಮತ್ತೆ ಹಚ್ಚುತ್ತದೆ. ಇನ್ನೂ ತುಂಬದಿದ್ದರೆ ಮತ್ತರ್ಧ ಸೆಕೆಂಡಿಗೆ ತನ್ನನ್ನೇ ಕರೆದುಕೊಳ್ಳುತ್ತದೆ. ಕರ್ನಲ್‌ನ ವರ್ಚಿಯೋ ನೆಟ್ ಡ್ರೈವರ್ (ವರ್ಚುವಲ್ ಯಂತ್ರಗಳ ನೆಟ್‌ವರ್ಕ್ ಕಾರ್ಡ್‌ನದು) ಬಹುಕಾಲದಿಂದ ಮಾಡಿಕೊಂಡು ಬಂದದ್ದು ಇದನ್ನೇ. ಇನ್ನೊಂದು ಪದ್ಧತಿಯೂ ಇದೆ: ಬಫರ್ ಸಿಗದಿದ್ದಾಗ ಪೋಲ್ ತನ್ನ ಕೋಟಾ 64 ಪೂರ್ತಿ ಮುಗಿಯಿತು ಎಂದು ಹೇಳಿ, ಮತ್ತೆ ಮತ್ತೆ ಕರೆಸಿಕೊಳ್ಳುವುದು. ಇಂಟೆಲ್‌ನ ಕೆಲವು ಡ್ರೈವರ್‌ಗಳ ದಾರಿ ಅದು. ದೊಡ್ಡ ಸರ್ವರ್‌ಗೆ ಅದು ಒಗ್ಗುತ್ತದೆ. ಈ ಪೆಟ್ಟಿಗೆಯಲ್ಲಿ ಮೆಮೊರಿ ಬರ ಬಂದ ಹೊತ್ತಿಗೇ ಒಂದು ಕೋರ್ ಸುಮ್ಮನೆ ಸುತ್ತುತ್ತ ಕೂರುವುದು ಬೇಡ ಎಂದು ಕೈಬಿಟ್ಟರು.

ಇದರ ಜೊತೆಗೇ 256 ಬೈಟ್‌ವರೆಗಿನ ಫ್ರೇಮ್‌ಗಳನ್ನು ಚಿಕ್ಕ ಎಸ್‌ಕೆಬಿಗೆ ನಕಲು ಮಾಡಿ, ದೊಡ್ಡ ಬಫರ್ ಅನ್ನು ರಿಂಗ್‌ನಲ್ಲೇ ಉಳಿಸಿಕೊಳ್ಳುವ ಕಾಪಿಬ್ರೇಕ್ ಸೇರಿಸಿದರು. ಇಲ್ಲೇ ತಪ್ಪು ನುಸುಳಿತು.

ಕಿವುಡುತನ ಹೋಯಿತು, ಆದರೆ ಅಪರೂಪಕ್ಕೊಮ್ಮೆ ಮೀಟರ್ ರೀಡಿಂಗ್ ತಪ್ಪು ಸಾಕೆಟ್‌ಗೆ ಹೋಗತೊಡಗಿತು. ಪರೀಕ್ಷೆಗೆಂದು ಪ್ರತಿ ಫ್ರೇಮ್‌ನ ಮೊದಲ 64 ಬೈಟ್‌ನೊಳಗೂ ಕಟ್ಟಕಡೆಯಲ್ಲೂ ಒಂದೇ ಕ್ರಮಸಂಖ್ಯೆ ಬರೆದು ಕಳಿಸಿದರು. ಕೆಟ್ಟ ಫ್ರೇಮ್‌ಗಳಲ್ಲಿ ಎರಡು ಸಂಖ್ಯೆ ಬೇರೆ ಬೇರೆ. ಹಳೆಯ ಪ್ಯಾಕೆಟ್‌ನ ತಲೆ, ಹೊಸ ಪ್ಯಾಕೆಟ್‌ನ ಮುಂಡ, ಸರಿಯಾಗಿ 64ನೇ ಬೈಟ್‌ನಲ್ಲಿ ಹೊಲಿಗೆ. 64 ಬೈಟ್ ಎಂದರೆ ಈ ಪ್ರೊಸೆಸರ್‌ನ ಒಂದು ಕ್ಯಾಶ್ ಲೈನ್. ಅಲ್ಲಿಗೆ ಎಲ್ಲಿ ಹುಡುಕಬೇಕೆಂಬುದು ತಿಳಿದುಹೋಯಿತು.

ಡ್ರೈವರ್ ನಕಲು ಮಾಡುವ ಮುಂಚೆ ವಿಲ್ಯಾನ್ ಟ್ಯಾಗ್ ತೆಗೆಯುತ್ತಿತ್ತು, ಅದೂ ದೊಡ್ಡ ಬಫರ್‌ನೊಳಗೇ: ಎರಡು ಮ್ಯಾಕ್ ವಿಳಾಸಗಳ 12 ಬೈಟ್ ಅನ್ನು 4 ಬೈಟ್ ಮುಂದಕ್ಕೆ ಸರಿಸಿ. ಸರಿಸುವುದೆಂದರೆ ಸಿಪಿಯು ಅಲ್ಲಿ ಬರೆದಂತೆ. ಬರೆದ ಕ್ಯಾಶ್ ಲೈನ್ ಮೆಮೊರಿಗೆ ಇನ್ನೂ ಇಳಿಯದೆ ಕ್ಯಾಶ್‌ನಲ್ಲೇ ಕೂತಿರುತ್ತದೆ. ಈ ಚಿಪ್‌ನಲ್ಲಿ ಕಾರ್ಡ್ ಸಿಪಿಯುವಿನ ಕ್ಯಾಶ್ ನೋಡುವುದಿಲ್ಲ, ನೇರ ಮೆಮೊರಿಗೆ ಬರೆಯುತ್ತದೆ. ಬಫರ್ ಮರಳಿ ಕಾರ್ಡ್‌ಗೆ ಹೋಯಿತು, ಕಾರ್ಡ್ ಹೊಸ ಫ್ರೇಮ್ ಬರೆಯಿತು, ಆಮೇಲೆ ಯಾವಾಗಲೋ ಕ್ಯಾಶ್ ತನ್ನಲ್ಲಿದ್ದ ಹಳೆಯ ಲೈನ್ ಅನ್ನು ಅದರ ಮೇಲೆ ಇಳಿಸಿತು. ಐಪಿ ಹೆಡರ್‌ನ ಚೆಕ್‌ಸಮ್ ಕೂಡ ಅದೇ 64 ಬೈಟ್‌ನೊಳಗೆ ಇರುವುದರಿಂದ ಹಳೆಯ ಹೆಡರ್ ತನ್ನಷ್ಟಕ್ಕೆ ಸರಿಯಾಗಿಯೇ ಕಾಣುತ್ತದೆ. ಯುಡಿಪಿ ಚೆಕ್‌ಸಮ್ ಅನ್ನು ಕಾರ್ಡ್ ತಂತಿಯ ಮೇಲೆ ಬಂದ ಡೇಟಾ ನೋಡಿ ಆಗಲೇ ಸರಿ ಎಂದಿರುತ್ತದೆ. ಹಾಗಾಗಿ ಯಾವ ಹಂತದಲ್ಲೂ ಸಿಕ್ಕಿಬೀಳಲಿಲ್ಲ.

ಬಫರ್ ಅನ್ನು ಸಿಪಿಯು ನೋಡುವ ಮುಂಚೆ ಸಿಪಿಯುಗಾಗಿ ಸಿಂಕ್ ಮಾಡಿದ್ದರು (ಕ್ಯಾಶ್ ಮತ್ತು ಮೆಮೊರಿಯನ್ನು ಹೊಂದಿಸುವುದು), ಕಾರ್ಡ್‌ಗೆ ಮರಳಿಸುವ ಮುಂಚೆ ಸಾಧನಕ್ಕಾಗಿ ಸಿಂಕ್ ಮಾಡಿರಲಿಲ್ಲ. ನಾವು ಓದಿದ್ದಷ್ಟೇ, ಬರೆದಿಲ್ಲವಲ್ಲ ಎಂಬುದು ಆಗಿನ ಗ್ರಹಿಕೆ. ಟ್ಯಾಗ್ ತೆಗೆಯುವ ಸಾಲು ಬೇರೆ ಫಂಕ್ಷನ್‌ನಲ್ಲಿತ್ತು, ನೆನಪಾಗಲಿಲ್ಲ. ಕರ್ನಲ್‌ನ ಡಿಎಂಎ ಡೀಬಗ್ ಸೌಲಭ್ಯ ಹಚ್ಚಿದ್ದರೂ ಅದು ಹಿಡಿಯಲಿಲ್ಲ. ತಪ್ಪಾಗಿ ಮಾಡಿದ ಸಿಂಕ್ ಅದಕ್ಕೆ ಕಾಣುತ್ತದೆ, ಮಾಡದೇ ಬಿಟ್ಟದ್ದು ಕಾಣುವುದಿಲ್ಲ. ಎರಡು ತಿದ್ದುಪಡಿ ಆದವು: ಮರಳಿಸುವ ಪ್ರತಿ ದಾರಿಯಲ್ಲೂ ಸಿಂಕ್, ಮತ್ತು ಟ್ಯಾಗ್ ತೆಗೆಯುವುದು ನಕಲಾದ ಎಸ್‌ಕೆಬಿಯಲ್ಲಿ.

ಟ್ರೂಸೈಜ್‌ನ ಸುಳ್ಳು ಲೆಕ್ಕ

ಒಂದು ಪ್ರಶ್ನೆ ಉಳಿದಿತ್ತು. ಬರ ರಾತ್ರಿಯೇ ಏಕೆ? ರಾತ್ರಿ ಬ್ಯಾಕಪ್ ನಡೆಯುತ್ತದೆ, ಫ್ಲ್ಯಾಶ್ ನಿಧಾನ, ಮೀಟರ್ ಪ್ರೋಗ್ರಾಂ ಕಡತ ಬರೆಯಲು ಕಾಯುತ್ತ ಕೆಲವು ಸೆಕೆಂಡ್ ಸಾಕೆಟ್ ಓದುವುದಿಲ್ಲ. ಆದರೆ ಒಂದು ಸಾಕೆಟ್‌ಗೆ ಸಿಗುವ ಮಿತಿ 212992 ಬೈಟ್, ಅಂದರೆ 208 ಕಿಲೋಬೈಟ್. ಎಂಟಕ್ಕೂ ಸೇರಿ 2 ಮೆಗಾಬೈಟ್ ಕೂಡ ಇಲ್ಲ. ಅಷ್ಟಕ್ಕೆ ಯಾರೂ ಉಪವಾಸ ಬೀಳಬೇಕಿಲ್ಲ.

ಹಳೆಯ ಡ್ರೈವರ್ ಹಾಕಿ ಒಂದು ಪ್ರಯೋಗ ಮಾಡಿದರು. ಓದುವ ಪ್ರೋಗ್ರಾಂಗೆ ಸ್ಟಾಪ್ ಸಿಗ್ನಲ್ ಕೊಟ್ಟು ನಿಲ್ಲಿಸಿ, ಹೊರಗಿನಿಂದ 120 ಬೈಟ್‌ನ ಫ್ರೇಮ್‌ಗಳನ್ನು ಒಂದೇ ಸಾಕೆಟ್‌ಗೆ ಬಿಟ್ಟರು. ಸಾಕೆಟ್‌ನ ಲೆಕ್ಕ 208 ಕಿಲೋಬೈಟ್‌ಗೆ ಬಂದು ನಿಂತಿತು. ಪೆಟ್ಟಿಗೆಯ ಖಾಲಿ ಮೆಮೊರಿ ಇಳಿದದ್ದು ನಾಲ್ಕೂವರೆ ಮೆಗಾಬೈಟ್‌ಗೂ ಹೆಚ್ಚು. ಪ್ರೋಗ್ರಾಂ ಮುಂದುವರಿಸಿದ ಕೂಡಲೆ ಅಷ್ಟೂ ವಾಪಸ್ ಬಂತು.

ಪ್ರತಿ ಎಸ್‌ಕೆಬಿಯಲ್ಲಿ ಟ್ರೂಸೈಜ್ ಎಂಬ ಸಂಖ್ಯೆ ಇರುತ್ತದೆ. ಪ್ಯಾಕೆಟ್ ಎಷ್ಟು ಉದ್ದ ಎಂಬುದಲ್ಲ, ಅದು ನಿಜಕ್ಕೂ ಎಷ್ಟು ಮೆಮೊರಿ ಹಿಡಿದು ಕೂತಿದೆ ಎಂಬುದು. ಸಾಕೆಟ್ ಮಿತಿಯನ್ನು ಅಳೆಯುವುದು ಇದರಿಂದ. ಇಲ್ಲಿ ಅದು ಬಫರ್‌ನ 16384 ಬೈಟ್‌ಗೆ ಎಸ್‌ಕೆಬಿಯ 256 ಬೈಟ್ ಸೇರಿ 16640 ಇರಬೇಕು. ಹಾಗಿದ್ದರೆ ಸಾಕೆಟ್‌ನಲ್ಲಿ ಹದಿಮೂರು ಪ್ಯಾಕೆಟ್ ಹಿಡಿಯುವುದೂ ಕಷ್ಟ. ಹಿಂದೆ ಯಾರೋ ಮೀಟರ್ ರೀಡಿಂಗ್ ಕಳೆದುಹೋಗುತ್ತಿದೆ ಎಂಬ ದೂರಿಗೆ ಡ್ರೈವರ್‌ನಲ್ಲಿ ಒಂದು ಸಾಲು ಸೇರಿಸಿದ್ದರು: ಟ್ರೂಸೈಜ್ ಎಂದರೆ ಪ್ಯಾಕೆಟ್‌ನ ಉದ್ದ ಮತ್ತು 256. 120 ಬೈಟ್‌ಗೆ ಅದು 376. ದೂರು ಆಗ ನಿಂತಿತ್ತು, ಆದರೆ 16 ಕಿಲೋಬೈಟ್ ಹಿಡಿದವನು ಪುಸ್ತಕದಲ್ಲಿ 376 ಬೈಟ್ ಎಂದು ಬರೆಸಿಕೊಂಡು ಕೂತ.

5.15ರ ಯುಡಿಪಿ ಕೋಡ್ ಈ ಸುಳ್ಳನ್ನು ಅರ್ಧದಲ್ಲಿ ಹಿಡಿಯುತ್ತದೆ. ಸಾಕೆಟ್ ಅರ್ಧ ತುಂಬಿದ ಮೇಲೆ ಬಂದ ಎಸ್‌ಕೆಬಿಗಳ ಟ್ರೂಸೈಜ್ ಅನ್ನು ಅದು ತಾನೇ ಹೊಸದಾಗಿ ಲೆಕ್ಕ ಹಾಕುತ್ತದೆ. ಮೊದಲ ಅರ್ಧದಲ್ಲಿ 376ರ ದರದಲ್ಲಿ 284 ಪ್ಯಾಕೆಟ್, ಉಳಿದ ಅರ್ಧದಲ್ಲಿ 16640ರ ದರದಲ್ಲಿ ಏಳು. ಹತ್ತಿರ ಹತ್ತಿರ 290 ಪ್ಯಾಕೆಟ್ ತಲಾ 16640 ಹಿಡಿದರೆ 4.6 ಮೆಗಾಬೈಟ್. ಪ್ರಯೋಗದ ಅಂಕಿಗೆ ಇದು ಸರಿಹೊಂದಿತು. ಎಂಟು ಸಾಕೆಟ್‌ಗೆ 37 ಮೆಗಾಬೈಟ್, ಎಲ್ಲವೂ ಆರ್ಡರ್ 2, ಕರ್ನಲ್ ಜರುಗಿಸಲಾಗದ ಪೇಜ್‌ಗಳು. ಅತ್ತ ಬ್ಯಾಕಪ್‌ನ ಕಡತಗಳು ಪೇಜ್ ಕ್ಯಾಶ್ (ಕಡತಗಳ ನಕಲು ಇರುವ ಮೆಮೊರಿ) ತುಂಬುತ್ತಿವೆ. ರಾತ್ರಿಯ ಬರಕ್ಕೆ ಕಾರಣ ಇದು.

ಆ ಸಾಲನ್ನು ತೆಗೆಯುವುದು ಒಂದು ನಿಮಿಷದ ಕೆಲಸ. ಕಾಪಿಬ್ರೇಕ್ ಇಲ್ಲದೆ ತೆಗೆದಿದ್ದರೆ ಹದಿಮೂರು ಪ್ಯಾಕೆಟ್‌ಗೇ ಸಾಕೆಟ್ ತುಂಬಿ ಹಳೆಯ ದೂರು ಮರಳುತ್ತಿತ್ತು. ಆದ್ದರಿಂದ ಎರಡನ್ನೂ ಒಂದೇ ಬಿಡುಗಡೆಯಲ್ಲಿ ಕೊಟ್ಟರು. ನಕಲಾದ ಚಿಕ್ಕ ಎಸ್‌ಕೆಬಿಗೆ ಲೆಕ್ಕ ಹೀಗೆ: 120ಕ್ಕೆ 64 ಸೇರಿ 184, ಕ್ಯಾಶ್ ಲೈನ್‌ಗೆ ಏರಿಸಿ 192, ಅದಕ್ಕೆ 320 ಸೇರಿ 512. ಸ್ಲ್ಯಾಬ್‌ನ 512ರ ಅಚ್ಚಿಗೆ ಕೂದಲೆಳೆಯಷ್ಟೂ ಉಳಿಯದೆ ಹೊಂದುತ್ತದೆ. ಎಸ್‌ಕೆಬಿಯ 256 ಬೈಟ್ ಸೇರಿ ಟ್ರೂಸೈಜ್ 768, ಸಾಕೆಟ್‌ಗೆ 277 ಪ್ಯಾಕೆಟ್. ಸುಳ್ಳು ಲೆಕ್ಕ ಕೊಡುತ್ತಿದ್ದಷ್ಟೇ ಜಾಗ ನಿಜವಾದ ಲೆಕ್ಕದಲ್ಲೂ ಸಿಕ್ಕಿತು. ಫ್ರೇಮ್ 128 ಬೈಟ್ ದಾಟಿದರೆ ಅಚ್ಚು 1024ಕ್ಕೆ ಜಿಗಿಯುತ್ತದೆ. ಮೀಟರ್‌ನ ಸಂದೇಶಕ್ಕೆ ಹೊಸ ಅಂಕಣ ಸೇರಿಸುವವರಿಗೆ ಈ ಮಾತನ್ನು ಬರೆದು ಕೊಟ್ಟರು.

16 ಕಿಲೋಬೈಟ್‌ನಿಂದ ಹೊರಬಂದದ್ದು

ಇದೆಲ್ಲ ಆದ ಮೇಲೆ ಆರ್ಡರ್ 2ನ್ನು ಬಿಡುವ ಕೆಲಸ. ಕಾರ್ಡ್ ಒಂದು ಫ್ರೇಮ್ ಅನ್ನು ಹಲವು ಡಿಸ್ಕ್ರಿಪ್ಟರ್‌ಗಳಿಗೆ ಹಂಚಿ ಬರೆಯಬಲ್ಲದು, ಮೊದಲು ಮತ್ತು ಕೊನೆ ಎಂಬ ಬಿಟ್‌ಗಳಿವೆ. ಕರ್ನಲ್‌ನ ಪೇಜ್ ಪೂಲ್ (ಪೇಜ್‌ಗಳನ್ನು ಮರುಬಳಸುವ ಸಂಗ್ರಹ) ಬಳಸಿ ಪ್ರತಿ ಡಿಸ್ಕ್ರಿಪ್ಟರ್‌ಗೆ 4096ರ ಒಂದೇ ಪೇಜ್ ಕೊಟ್ಟರು. ಮುಂದೆ 64, ಹಿಂದೆ 320 ಬಿಟ್ಟರೆ ಕಾರ್ಡ್‌ಗೆ 3712. ಜಂಬೊ ಫ್ರೇಮ್‌ಗೆ ಮೂರು ಡಿಸ್ಕ್ರಿಪ್ಟರ್ ಬೇಕು. ರಿಂಗ್ 1024ಕ್ಕೆ ಏರಿತು, ತೆಗೆದುಕೊಂಡದ್ದು ಮೊದಲಿನ 4 ಮೆಗಾಬೈಟೇ. 256ರ ಜಾಗದಲ್ಲಿ ಈಗ 341 ಜಂಬೊ ಫ್ರೇಮ್ ಹಿಡಿಯುತ್ತದೆ. ಒಂದರ ಟ್ರೂಸೈಜ್ 16640ರಿಂದ 12544ಕ್ಕೆ ಇಳಿಯಿತು: ಮೊದಲ ಪೇಜ್ ಮತ್ತು ಎಸ್‌ಕೆಬಿ 4352, ಉಳಿದೆರಡು ಪೇಜ್ 8192. ಇಲ್ಲಿ ಬಳಸಿದ್ದು ಎಷ್ಟೇ ಇರಲಿ, ಪ್ರತಿ ತುಂಡಿಗೂ ಪೂರ್ತಿ ಪೇಜ್‌ನ ಲೆಕ್ಕವನ್ನೇ ಕೊಟ್ಟರು.

ಪೂಲ್‌ಗೆ ಕೊಟ್ಟ ಸೂಚನೆ ಎರಡು: ಪೇಜ್ ಅನ್ನು ಒಮ್ಮೆ ಮ್ಯಾಪ್ ಮಾಡಿ ಪೂಲ್‌ನಲ್ಲಿ ಇರುವವರೆಗೂ ಹಾಗೇ ಇಡು, ಮರಳಿ ಬಂದಾಗ ಸಾಧನಕ್ಕಾಗಿ ಸಿಂಕ್ ಮಾಡು. ತಲೆ ಮುಂಡ ಅದಲುಬದಲಾದ ಆ ತಪ್ಪಿನ ದಾರಿ ಇದರಿಂದ ಬಹುಮಟ್ಟಿಗೆ ಮುಚ್ಚಿತು. ಪೂಲ್‌ಗೆ ಹೋಗದೆ ರಿಂಗ್‌ನಲ್ಲೇ ಮರುಬಳಕೆಯಾಗುವ ಪೇಜ್‌ಗೆ ಮಾತ್ರ ಡ್ರೈವರ್ ತಾನೇ ಸಿಂಕ್ ಮಾಡಬೇಕು. ಸಿಪಿಯುಗಾಗಿ ಮಾಡುವ ಸಿಂಕ್ ಎಂದಿನಂತೆ ಡ್ರೈವರ್‌ನ ಹೊಣೆ. ಎಸ್‌ಕೆಬಿಯನ್ನು ಮರುಬಳಕೆಗೆ ಗುರುತು ಮಾಡಿದರೆ, ಪ್ರೋಗ್ರಾಂ ಓದಿ ಮುಗಿಸಿದ ಮೇಲೆ ಪೇಜ್ ತಾನಾಗಿ ಪೂಲ್‌ಗೆ ಮರಳುತ್ತದೆ.

ಹೆಚ್ಚು ತಲೆನೋವು ತಂದದ್ದು ಮೂರು ಡಿಸ್ಕ್ರಿಪ್ಟರ್‌ನ ಫ್ರೇಮ್‌ನಲ್ಲಿ ಎರಡನೆಯದಕ್ಕೆ ಬದಲಿ ಪೇಜ್ ಸಿಗದೇ ಹೋದರೆ ಏನು ಎಂಬುದು. ಅರ್ಧ ಕಟ್ಟಿದ ಎಸ್‌ಕೆಬಿಯನ್ನು ಬಿಡಬೇಕು, ಕೊನೆ ಎಂಬ ಬಿಟ್ ಬರುವ ತನಕ ಉಳಿದ ಡಿಸ್ಕ್ರಿಪ್ಟರ್‌ಗಳನ್ನು ನೋಡದೆ ಕಾರ್ಡ್‌ಗೆ ಮರಳಿಸಬೇಕು. ಆ ಬಿಟ್ ಈ ಪೋಲ್‌ನಲ್ಲೇ ಬರಬೇಕೆಂದಿಲ್ಲ. ಬಿಸಾಡುತ್ತಿದ್ದೇನೆ ಎಂಬ ಸ್ಥಿತಿಯನ್ನು ರಿಂಗ್‌ನ ರಚನೆಯಲ್ಲೇ ಇಡದೆ ಪೋಲ್‌ನ ಸ್ಥಳೀಯ ಚರದಲ್ಲಿ ಇಟ್ಟರೆ, ಮುಂದಿನ ಪೋಲ್ ಒಂದು ಫ್ರೇಮ್‌ನ ಬಾಲವನ್ನು ಹೊಸ ಫ್ರೇಮ್‌ನ ತಲೆ ಎಂದುಕೊಳ್ಳುತ್ತದೆ. ಮೊದಲ ಕರಡಿನಲ್ಲಿ ಹಾಗೇ ಇತ್ತು, ವಿಮರ್ಶೆಯಲ್ಲಿ ಸಿಕ್ಕಿತು.

ಪರೀಕ್ಷೆ

ಕಾದು ಕೂತು ನೋಡುವ ಬದಲು ಕರ್ನಲ್‌ನ ದೋಷ ಚುಚ್ಚುವ ಸೌಲಭ್ಯ ಬಳಸಿದರು. ಪೇಜ್ ಹಂಚಿಕೆಯನ್ನು ಬೇಕೆಂದೇ ಸೋಲಿಸುವ ಆಯ್ಕೆ ಅದರಲ್ಲಿದೆ. ಅದರ ಮೂಲ ಹೊಂದಿಕೆ ನಿದ್ದೆ ಮಾಡಬಲ್ಲ ಕೋರಿಕೆಗಳನ್ನು ಮುಟ್ಟುವುದಿಲ್ಲ, ಆರ್ಡರ್ 1 ಮತ್ತು ಮೇಲಿನದನ್ನು ಮಾತ್ರ ಸೋಲಿಸುತ್ತದೆ. ಹಳೆಯ ಡ್ರೈವರ್‌ಗೆ ಹೇಳಿ ಮಾಡಿಸಿದಂಥ ಹೊಂದಿಕೆ. ಸಂಭಾವ್ಯತೆ 100ಕ್ಕೆ ಇಟ್ಟು ಟ್ರಾಫಿಕ್ ಬಿಟ್ಟರೆ ಹಳೆಯ ರಿಂಗ್ ಆಗಲೇ ಸಾಯುತ್ತಿತ್ತು, ಸೊನ್ನೆಗೆ ಇಳಿಸಿದರೂ ಏಳುತ್ತಿರಲಿಲ್ಲ.

ಹೊಸ ಡ್ರೈವರ್ ಮೊದಲ ಸಲವೇ ಗೆದ್ದಾಗ ಒಬ್ಬರಿಗೆ ಅನುಮಾನ ಬಂತು, ಒಂದು ಪ್ಯಾಕೆಟ್ ಕೂಡ ಬಿದ್ದಿಲ್ಲವಲ್ಲ ಎಂದು. ಹೊಸದು ಕೇಳುವುದು ಆರ್ಡರ್ 0. ಕನಿಷ್ಠ ಆರ್ಡರ್ ಅನ್ನು ಸೊನ್ನೆಗೆ ಇಳಿಸದಿದ್ದರೆ ಪರೀಕ್ಷೆ ಅದನ್ನು ಮುಟ್ಟುವುದೇ ಇಲ್ಲ. ಇಳಿಸಿದ ಮೇಲೂ ಪೂಲ್ ತನ್ನಲ್ಲಿರುವ ಪೇಜ್‌ಗಳನ್ನೇ ತಿರುಗಿಸುತ್ತ ಸೋಲದೆ ನಿಲ್ಲಬಲ್ಲದು. ಓದುವ ಪ್ರೋಗ್ರಾಂ ನಿಲ್ಲಿಸಿ, ಕಾಪಿಬ್ರೇಕ್ ದಾಟುವ ಗಾತ್ರದ ಫ್ರೇಮ್ ಬಿಟ್ಟು, ಪೂಲ್‌ನ ಪೇಜ್‌ಗಳೆಲ್ಲ ಸಾಕೆಟ್‌ಗಳಲ್ಲಿ ಸಿಕ್ಕಿಕೊಳ್ಳುವಂತೆ ಮಾಡಿದಾಗಲೇ ನಿಜವಾದ ಸೋಲು ಕಂಡದ್ದು. ಮಿತಿ 208 ಕಿಲೋಬೈಟ್ ಇರುವ ಸಾಕೆಟ್ ಒಂದು ಐವತ್ತಕ್ಕಿಂತ ಕಡಿಮೆ ಪೇಜ್ ಹಿಡಿಯುವುದರಿಂದ, ಇದಕ್ಕಾಗಿ ಸಾಕೆಟ್ ಮಿತಿಯನ್ನು ಪರೀಕ್ಷೆಯ ಮಟ್ಟಿಗೆ ಏರಿಸಬೇಕಾಯಿತು. ಆಗ ಬಿಸಾಡಿದ ಎಣಿಕೆ ಏರಿತು, ಇಂಟರಪ್ಟ್ ಎಣಿಕೆ ಓಡುತ್ತಲೇ ಇತ್ತು. ಸಂಭಾವ್ಯತೆ ಸೊನ್ನೆಗೆ ತಂದು ಪ್ರೋಗ್ರಾಂ ಮುಂದುವರಿಸಿದರೆ ಯಾರೂ ಇಂಟರ್ಫೇಸ್ ಮುಟ್ಟದೆ ಟ್ರಾಫಿಕ್ ಹರಿಯಿತು.

ಪ್ರೋಗ್ರಾಂ ನಿಂತಿರುವಾಗಲೇ ಇಂಟರ್ಫೇಸ್ ಇಳಿಸಿದರೆ, ಪೂಲ್ ಮುಚ್ಚಲಾಗುತ್ತಿಲ್ಲ, ಇಷ್ಟು ಪೇಜ್ ಹೊರಗಿವೆ ಎಂಬ ಎಚ್ಚರಿಕೆ ನಿಮಿಷಕ್ಕೊಮ್ಮೆ ಲಾಗ್‌ಗೆ ಬರುತ್ತದೆ. ಪರೀಕ್ಷಕರು ಇದನ್ನು ಸೋರಿಕೆ ಎಂದು ದಾಖಲಿಸಿದರು. ಹೊರಗಿರುವ ಪೇಜ್‌ಗಳು ಸಾಕೆಟ್‌ನಲ್ಲಿ ಕೂತಿವೆ, ಪ್ರೋಗ್ರಾಂ ಓದಿದರೆ ಸಂಖ್ಯೆ ಸೊನ್ನೆಗೆ ಬರಬೇಕು. ಬಂತು. ಪ್ರೋಗ್ರಾಂ ಕೊಂದ ಮೇಲೂ ಸಂಖ್ಯೆ ಇಳಿಯದಿದ್ದರೆ ಅದು ಸೋರಿಕೆ ಎಂದು ಪರೀಕ್ಷೆಯ ಟಿಪ್ಪಣಿಯಲ್ಲಿ ಸೇರಿಸಿದರು.

ಕೊನೆಯಲ್ಲಿ ಕನಿಷ್ಠ ಖಾಲಿ ಮೆಮೊರಿಯನ್ನು 16ರಿಂದ ಮೂಲದ 2 ಮೆಗಾಬೈಟ್‌ಗೇ ಇಳಿಸಿ ಎಲ್ಲ ಪರೀಕ್ಷೆಗಳನ್ನು ಮತ್ತೊಮ್ಮೆ ಓಡಿಸಿದರು. ಕಾವಲು ಸ್ಕ್ರಿಪ್ಟ್ ಇರಲಿಬಿಡಿ, ಕೆಡುಕೇನಿಲ್ಲ ಎಂದು ಒಬ್ಬರು ಹೇಳಿದರು. ಈ ದೋಷವನ್ನು ಅಷ್ಟು ದಿನ ಮುಚ್ಚಿಟ್ಟದ್ದು ಅದೇ ಎಂದು ತಂಡ ತೆಗೆದುಹಾಕಿತು. ಅದರ ಜಾಗಕ್ಕೆ ಬಂದದ್ದು ಈಥ್‌ಟೂಲ್‌ನಲ್ಲಿ ಎರಡು ಹೊಸ ಎಣಿಕೆ: ಬದಲಿ ಬಫರ್ ಸಿಗದೆ ಬಿಸಾಡಿದ ಫ್ರೇಮ್‌ಗಳು, ಮತ್ತು ಈ ಕ್ಷಣ ರಿಂಗ್‌ನಲ್ಲಿ ಕಾರ್ಡ್‌ನ ಕೈಯಲ್ಲಿರುವ ಬಫರ್‌ಗಳು.